ಹಂಗಾಮಿ ಜೂಲಿಯ ಅಂಗಡಿ

ಆಕೆಯ ಹೆಸರು ಜೂಲಿ. ಹುದ್ದೆ, ಹಂಗಾಮಿ ಉಪ ವ್ಯವಸ್ಥಾಪಕಿ. ಇದರಲ್ಲಿ 'ಹಂಗಾಮಿ' ಎಂಬುದನ್ನು ಉಳಿದವರು ಮರೆಯುವುದಿಲ್ಲ, 'ಉಪ ವ್ಯವಸ್ಥಾಪಕಿ' ಎಂಬುದನ್ನು ಆಕೆ ಮರೆಯುವುದಿಲ್ಲ. ಬ್ರಿಟನ್ನಿನ 'ಟ್ರಾಲೀಡ್' ಎಂಬ ಹಾಸ್ಯ ಧಾರಾವಾಹಿಯ ಬಹುಪಾಲು ನಗು ಹುಟ್ಟುವುದು ಇಂಥ ಎಳೆದಾಟಗಳಲ್ಲೇ. ಕೊಲೆಯಿಲ್ಲ, ಆಸ್ತಿ ಜಗಳವಿಲ್ಲ, ಅತ್ತೆ ಸೊಸೆಯರ ಕಾಳಗವಿಲ್ಲ. ಇರುವುದು ಒಂದು ಸೂಪರ್‌ಮಾರ್ಕೆಟ್, ಅಲ್ಲಿ ದುಡಿಯುವ ಹತ್ತಾರು ಮಂದಿ, ಮತ್ತು ಬಂದು ಹೋಗುವ ಗಿರಾಕಿಗಳು.

ಸ್ಕೈ ವಾಹಿನಿಯಲ್ಲಿ 2011ರ ಆಗಸ್ಟ್‌ನಲ್ಲಿ ಆರಂಭವಾದ ಈ ಧಾರಾವಾಹಿ ಏಳು ಸರಣಿಗಳನ್ನು ಕಂಡು 2018ರಲ್ಲಿ ಮುಗಿಯಿತು. ಕಥೆ ನಡೆಯುವುದು ಮ್ಯಾಂಚೆಸ್ಟರ್ ಮತ್ತು ಲಿವರ್‌ಪೂಲ್‌ಗಳ ನಡುವಿನ ವಾರಿಂಗ್ಟನ್ ಪಟ್ಟಣದಲ್ಲಿ. ಒಂದು ಕಾಲಕ್ಕೆ ತಂತಿ ಎಳೆಯುವ ಕಾರ್ಖಾನೆಗಳಿಗೆ ಹೆಸರಾಗಿದ್ದ ಊರು ಅದು. ಅಲ್ಲಿನ ರಗ್ಬಿ ತಂಡಕ್ಕೆ ಇಂದಿಗೂ 'ತಂತಿ' ಎಂಬುದೇ ಅಡ್ಡಹೆಸರು. ಸ್ವೀಡನ್ನಿನ ಐಕಿಯಾ ಕಂಪನಿ ಬ್ರಿಟನ್ನಿನಲ್ಲಿ ತನ್ನ ಮೊದಲ ಮಳಿಗೆ ತೆರೆದದ್ದೂ ಇಲ್ಲೇ, 1987ರಲ್ಲಿ. ಕಾರ್ಖಾನೆಯ ಊರು ಅಂಗಡಿಗಳ ಊರಾದ ಕಥೆ ಇಲ್ಲಿನ ಬೀದಿಗಳಲ್ಲೇ ಇದೆ. ಧಾರಾವಾಹಿ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ.

ಅಂಗಡಿಯ ಹೆಸರು ವ್ಯಾಲ್ಕೊ. ಹೆಸರು ಕಲ್ಪಿತ, ಅಂಗಡಿ ಮಾತ್ರ ಕಟ್ಟಿದ್ದೇ. ವಾರಿಂಗ್ಟನ್ನಿನಲ್ಲಲ್ಲ, ದೂರದ ಬ್ರಿಸ್ಟಲ್‌ನಲ್ಲಿ, ಹಿಂದೆ ಬಾಟಲಿಗಳಿಗೆ ವೈನ್ ತುಂಬುತ್ತಿದ್ದ ಒಂದು ಹಳೆಯ ಕಟ್ಟಡದೊಳಗೆ. ಸಾಲು ಸಾಲು ಶೆಲ್ಫ್‌ಗಳು, ಅವುಗಳ ತುಂಬ ಸಾಮಾನು, ಮಾಂಸದ ಕೌಂಟರ್, ಬಿಲ್ಲು ಮಾಡುವ ಗಲ್ಲಾಗಳು, ಎಲ್ಲವೂ ಇದ್ದ ಪೂರ್ಣ ಪ್ರಮಾಣದ ನಕಲು ಅದು. ಹಿನ್ನೆಲೆಯಲ್ಲಿ ಜನ ನಕ್ಕ ಸದ್ದು ಸೇರಿಸುವ ಹಳೆಯ ಪದ್ಧತಿಯನ್ನೂ ಇಲ್ಲಿ ಕೈಬಿಟ್ಟಿದ್ದಾರೆ. ಎಲ್ಲಿ ನಗಬೇಕು ಎಂಬುದನ್ನು ನೋಡುವವರೇ ಕಂಡುಕೊಳ್ಳಬೇಕು. ಇದರ ಹಿಂದಿದ್ದ ನಿರ್ಮಾಪಕ ಆಶ್ ಅಟಾಲ್ಲಾ, 2001ರಲ್ಲಿ ಬಂದ 'ದಿ ಆಫೀಸ್' ಧಾರಾವಾಹಿಯ ನಿರ್ಮಾಪಕರೂ ಹೌದು ಎಂದರೆ ಧಾಟಿ ಎಂಥದೆಂದು ತಿಳಿಯುತ್ತದೆ.

ಮಾತಿನ ಆಟ ಹೆಸರಿನಿಂದಲೇ ಶುರು. ಟ್ರಾಲಿ ಎಂದರೆ ಸಾಮಾನು ತುಂಬಿ ತಳ್ಳುವ ಗಾಡಿ. 'ಟ್ರಾಲೀಡ್' ಎಂದರೆ ಬ್ರಿಟಿಷರ ಆಡುಮಾತಿನಲ್ಲಿ ಚೆನ್ನಾಗಿ ಕುಡಿದು ಅಮಲೇರಿದವನು. ವ್ಯಾಲ್ಕೊದ ಘೋಷವಾಕ್ಯವಂತೂ ಇನ್ನೂ ಸೊಗಸು: 'ಸರ್ವ್ಸ್ ಯೂ ರೈಟ್'. ನಿಮಗೆ ಸರಿಯಾಗಿ ಸೇವೆ ಸಲ್ಲಿಸುತ್ತೇವೆ ಎಂದು ಕಂಪನಿ ಹೇಳಿಕೊಳ್ಳುತ್ತದೆ. ಇಂಗ್ಲಿಷ್ ಬಲ್ಲವರ ಕಿವಿಗೆ ಕೇಳಿಸುವುದು 'ನಿಮಗೆ ಹಾಗೇ ಆಗಬೇಕು!' ಎಂದು.

ಜೂಲಿಯ ಪಾತ್ರದಲ್ಲಿ ನಟಿಸಿದವರು ಜೇನ್ ಹಾರಕ್ಸ್. ತೀರ ಸಣ್ಣ ಅಧಿಕಾರ ಕೈಗೆ ಬಂದ ಮನುಷ್ಯ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುವ ಬಗೆಯನ್ನು ಅವರು ತೋರಿಸುವ ರೀತಿ ನಗು ತರಿಸುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಅಯ್ಯೋ ಎನ್ನಿಸುತ್ತದೆ. ಹಂಗಾಮಿ ಎಂಬ ಪದ ಅಳಿಸಿ ಹೋದೀತೇ ಎಂದು ಕಾಯುವವರ ಕಷ್ಟ ಯಾವ ಊರಿನ ಕಚೇರಿಯವರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆಕೆಯ ಮೇಲಧಿಕಾರಿ ಗ್ಯಾವಿನ್ (ಜೇಸನ್ ವಾಟ್ಕಿನ್ಸ್) ಒಳ್ಳೆಯವನು. ಆದರೆ ಒಳ್ಳೆಯತನ ಒಂದರಿಂದಲೇ ಅಂಗಡಿ ನಡೆಯುವುದಿಲ್ಲ. ಮಾಂಸದ ಕೌಂಟರಿನ ಆಂಡಿಯಾಗಿ 'ದಿ ಫುಲ್ ಮಾಂಟಿ' ಚಿತ್ರದ ಮಾರ್ಕ್ ಆಡಿ ಇದ್ದಾರೆ. ಅವನ ಸಹಾಯಕ ಕೀರನ್‌ಗೂ ಗಲ್ಲಾದ ಹುಡುಗಿ ಕೇಟಿಗೂ ನಡುವೆ ಒಂದು ಪ್ರೇಮವಿದೆ. ಧಾರಾವಾಹಿ ಎಂದಮೇಲೆ ಅದು ಇರಲೇಬೇಕಲ್ಲ; ಆ ಭಾಗ ಅಷ್ಟಕ್ಕಷ್ಟೆ.

ಎಲ್ಲರಿಗಿಂತ ಮನಸ್ಸಿನಲ್ಲಿ ಉಳಿಯುವವಳು ಮಾರ್ಗರೆಟ್. ರೀಟಾ ಮೇ ನಟಿಸಿದ ಈ ಪಾತ್ರ, ವಯಸ್ಸಾದ ಮೇಲೆ ಹೊಸದಾಗಿ ಕೆಲಸಕ್ಕೆ ಸೇರಿದ ಹೆಂಗಸಿನದು. ಕಥೆಗಾಗಿ ಹೊಸೆದದ್ದು ಎನ್ನುವಂತಿಲ್ಲ. ಅರವತ್ತೈದು ತುಂಬಿತೆಂಬ ಒಂದೇ ಕಾರಣಕ್ಕೆ ನೌಕರರನ್ನು ಮನೆಗೆ ಕಳಿಸುವ ಅವಕಾಶವನ್ನು ಬ್ರಿಟನ್ ತೆಗೆದುಹಾಕಿದ್ದು ಸರಿಯಾಗಿ 2011ರಲ್ಲೇ. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಸಮವಸ್ತ್ರ ತೊಟ್ಟು ನಿಂತವರು ಆ ದೇಶದ ಅಂಗಡಿಗಳಲ್ಲಿ ಅಪರೂಪವಲ್ಲ. ಸಂಬಳಕ್ಕಾಗಿ ಬರುವವರಿದ್ದಾರೆ. ಮನೆಯಲ್ಲಿ ಮಾತಾಡಲು ಯಾರೂ ಇಲ್ಲವೆಂದು ಬರುವವರೂ ಇದ್ದಾರೆ. ಮಾರ್ಗರೆಟ್ ಮಾಡುವ ಎಡವಟ್ಟುಗಳಿಗೆ ನಗುತ್ತಿರುವಾಗ ಈ ಎರಡರಲ್ಲಿ ಅವಳು ಯಾವ ಗುಂಪಿನವಳು ಎಂಬ ಪ್ರಶ್ನೆ ಸುಮ್ಮನೆ ಬಂದು ಪಕ್ಕದಲ್ಲಿ ಕೂರುತ್ತದೆ.

ಅಂಗಡಿಯನ್ನಿಟ್ಟುಕೊಂಡು ನಗಿಸುವುದು ಬ್ರಿಟಿಷರಿಗೆ ಹೊಸದಲ್ಲ. ರಾನಿ ಬಾರ್ಕರ್ ನಟಿಸಿದ 'ಓಪನ್ ಆಲ್ ಅವರ್ಸ್' ಬೀದಿ ಮೂಲೆಯ ಒಂದು ಕಿರಾಣಿ ಅಂಗಡಿಯ ಕಥೆ. ಮಾಲೀಕ ಆರ್ಕ್‌ರೈಟ್ ಮಹಾ ಜಿಪುಣ. ಅವನ ಗಲ್ಲಾಪೆಟ್ಟಿಗೆಯ ಖಾನೆ ಬೆರಳು ಕತ್ತರಿಸುವಂತೆ ಫಟ್ಟನೆ ಮುಚ್ಚಿಕೊಳ್ಳುತ್ತದೆ. ದುಡಿಯಲು ಇರುವವನು ಸೋದರಳಿಯ ಗ್ರಾನ್‌ವಿಲ್ ಒಬ್ಬನೇ. ಬಿಬಿಸಿಯಲ್ಲೇ 1972ರಲ್ಲಿ ಪ್ರಾಯೋಗಿಕ ಕಂತಾಗಿ ಬಂದು 1985ರವರೆಗೆ ನಡೆದ 'ಆರ್ ಯೂ ಬೀಯಿಂಗ್ ಸರ್ವ್ಡ್?' ದೊಡ್ಡ ಬಟ್ಟೆ ಮಳಿಗೆಯದು. ಅದನ್ನು ಡೇವಿಡ್ ಕ್ರಾಫ್ಟ್ ಜೊತೆ ಸೇರಿ ಬರೆದ ಜೆರೆಮಿ ಲಾಯ್ಡ್, ಲಂಡನ್ನಿನ ಸಿಂಪ್ಸನ್ಸ್ ಎಂಬ ಮಳಿಗೆಯಲ್ಲಿ ಸ್ವತಃ ಕೆಲಸ ಮಾಡಿದ್ದವರು. ಆ ಮಳಿಗೆ 1999ರಲ್ಲಿ ಮುಚ್ಚಿ, ಕಟ್ಟಡದಲ್ಲಿ ದೊಡ್ಡದೊಂದು ಪುಸ್ತಕದಂಗಡಿ ಬಂತು.

ಆ ಬಟ್ಟೆ ಮಳಿಗೆಯಲ್ಲಿ ಯಾರೂ ಯಾರನ್ನೂ ಬರಿಯ ಹೆಸರಿನಿಂದ ಕರೆಯುವಂತಿಲ್ಲ. ಕ್ಯಾಪ್ಟನ್ ಪೀಕಾಕ್, ಮಿಸೆಸ್ ಸ್ಲೋಕೂಂಬ್, ಮಿಸ್ಟರ್ ಹಂಫ್ರೀಸ್, ಮಿಸ್ ಬ್ರಾಮ್ಸ್. ಗಿರಾಕಿ ಬಂದರೆ ಹಿರಿಯ ಮಾರಾಟಗಾರ ಮೊದಲು, ಕಿರಿಯ ಆಮೇಲೆ. ವ್ಯಾಲ್ಕೊದಲ್ಲಾದರೋ ಎಲ್ಲರೂ ಬರಿಯ ಹೆಸರಿನವರೇ. ವ್ಯವಸ್ಥಾಪಕನೂ ಗ್ಯಾವಿನ್ ಅಷ್ಟೆ, ಸರ್ ಅಲ್ಲ. ಸಮಾನತೆ ಬಂತೆಂದು ಸಂತೋಷಪಡಬಹುದು. ಆದರೆ ಹಳೆಯ ಮಳಿಗೆಯಲ್ಲಿ ಮಾಲೀಕ ಮುದುಕ ಕೆಳಗಿಳಿದು ಬಂದು ಎಲ್ಲರನ್ನೂ ಹೊಗಳಿ ಹೋಗುತ್ತಿದ್ದ. ಆರ್ಕ್‌ರೈಟ್ ಅಂಗಡಿಯ ಮೇಲಿನ ಮನೆಯಲ್ಲೇ ಮಲಗುತ್ತಿದ್ದ. ವ್ಯಾಲ್ಕೊದ ಮಾಲೀಕ ಯಾರು? ಆದೇಶಗಳು ಎಲ್ಲೋ ಇರುವ ಪ್ರಧಾನ ಕಚೇರಿಯಿಂದ ಬರುತ್ತವೆ.

ಅಂದಹಾಗೆ ಸೂಪರ್‌ಮಾರ್ಕೆಟ್ಟನ್ನು ಬ್ರಿಟಿಷರು ತೋಳು ಚಾಚಿ ಬರಮಾಡಿಕೊಂಡರು ಎಂದುಕೊಳ್ಳಬಾರದು. ಸೇನ್ಸ್‌ಬರೀಸ್ ಸಂಸ್ಥೆ 1950ರಲ್ಲಿ ಕ್ರಾಯ್ಡನ್‌ನಲ್ಲಿ ತನ್ನ ಮೊದಲ ಸೆಲ್ಫ್ ಸರ್ವಿಸ್ ಅಂಗಡಿ ಆರಂಭಿಸಿದಾಗ, ಸಾಮಾನು ತಾನೇ ಎತ್ತಿಕೊಳ್ಳಬೇಕೆಂದು ತಿಳಿದ ಗಿರಾಕಿಯೊಬ್ಬರು ಸಿಟ್ಟಿನಿಂದ ತಂತಿ ಬುಟ್ಟಿಯನ್ನು ಯಜಮಾನರತ್ತಲೇ ಎಸೆದರೆಂಬ ಮಾತಿದೆ. ಬಾರ್‌ಕೋಡ್ ಓದುವ ಯಂತ್ರ ಮೊದಲು ಬಂದದ್ದು 1979ರಲ್ಲಿ, ಸ್ಪಾಲ್ಡಿಂಗ್ ಎಂಬ ಪಟ್ಟಣದ ಅಂಗಡಿಗೆ. ಮೊದಲು ಕೌಂಟರಿನವನ ಕೆಲಸ ಗಿರಾಕಿಯ ಪಾಲಾಯಿತು, ಬೆಲೆ ಓದುವ ಕೆಲಸ ಯಂತ್ರದ ಪಾಲಾಯಿತು, ಈಗ ಬಿಲ್ಲು ಮಾಡುವ ಕೆಲಸವೂ ಗಿರಾಕಿಯ ತಲೆಗೇ ಬಂದಿದೆ. ಹೀಗಿರುವಾಗ ಗಲ್ಲಾದ ಹಿಂದೆ ಮನುಷ್ಯನೊಬ್ಬ ಕುಳಿತು 'ಚೀಲ ಬೇಕೇ?' ಎಂದು ಕೇಳುವ ಕಥೆಗೆ ಸ್ವಲ್ಪ ಹಳೆಯ ಕಾಲದ ಬಣ್ಣ ಬಂದಿದ್ದರೆ ಆಶ್ಚರ್ಯವಿಲ್ಲ.

ಕರ್ನಾಟಕದ ಮನೆಗಳಿಗೂ ಈ ಗಲ್ಲಾಕ್ಕೂ ಈಗ ನೇರವಾದ ನಂಟಿದೆ. ಸಾಲ ಮಾಡಿ ಬ್ರಿಟನ್ನಿಗೆ ಎಂ.ಎಸ್ಸಿ., ಎಂ.ಬಿ.ಎ. ಓದಲು ಹೋದ ಮಕ್ಕಳು ಅಲ್ಲಿ ಅರೆಕಾಲಿಕ ದುಡಿಮೆಗೆ ಸೇರುವುದು ಇಂಥ ಅಂಗಡಿಗಳಲ್ಲೂ ಉಂಟು. ರಾತ್ರಿ ಪಾಳಿಯಲ್ಲಿ ಶೆಲ್ಫ್ ತುಂಬುತ್ತಾರೆ, ಟ್ರಾಲಿಗಳನ್ನು ಒಟ್ಟುಮಾಡಿ ತಳ್ಳುತ್ತಾರೆ, ಗಿರಾಕಿಯ ಗೊಣಗಾಟ ಕೇಳುತ್ತಾರೆ. ಫೋನಿನಲ್ಲಿ ಅಮ್ಮನಿಗೆ ಹೇಳುವಾಗ ಮಾತ್ರ 'ಸಣ್ಣದೊಂದು ಕೆಲಸ' ಎಂದು ತೇಲಿಸಿಬಿಡುತ್ತಾರೆ. ಇಂಜಿನಿಯರ್ ಮಗ ಅಂಗಡಿಯಲ್ಲಿ ಹಾಲಿನ ಡಬ್ಬ ಜೋಡಿಸುತ್ತಾನೆಂದರೆ ನೆಂಟರೆದುರು ತಲೆ ತಗ್ಗಿಸಬೇಕಾದೀತೆಂಬ ಅಳುಕು ಇತ್ತ ಅಪ್ಪನಿಗೂ ಇರುತ್ತದೆ, ಅತ್ತ ಮಗನಿಗೂ. ಅದೇ ಹುಡುಗನ ಪಕ್ಕದ ಗಲ್ಲಾದಲ್ಲಿ ಮಾರ್ಗರೆಟ್‌ಳಂಥ ಅಜ್ಜಿಯೊಬ್ಬಳು ಯಾವ ಅಳುಕೂ ಇಲ್ಲದೆ ಕುಳಿತಿರಬಹುದು.

ಮರ್ಯಾದೆಯ ಲೆಕ್ಕ ಹಾಗಿರಲಿ, ಗಂಟೆಯ ಲೆಕ್ಕ ಮಾತ್ರ ಮನೆಯವರಿಗೆ ಗೊತ್ತಿರಬೇಕು. ಪದವಿ ಮತ್ತು ಮೇಲಿನ ವ್ಯಾಸಂಗಕ್ಕೆ ವಿದ್ಯಾರ್ಥಿ ವೀಸಾದಲ್ಲಿ ಹೋದವರು ತರಗತಿ ನಡೆಯುವ ಅವಧಿಯಲ್ಲಿ ಸಾಮಾನ್ಯವಾಗಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಎರಡು ಕಡೆ ಕೆಲಸವಿದ್ದರೆ ಎರಡೂ ಸೇರಿ 20. ವಾರವೆಂದರೆ ಸೋಮವಾರದಿಂದ ಭಾನುವಾರ. ಈ ವಾರ 22, ಮುಂದಿನ ವಾರ 18, ಸರಾಸರಿ ಸರಿಹೋಯಿತಲ್ಲ ಎನ್ನುವ ಗಣಿತ ಅಲ್ಲಿ ನಡೆಯದು. ಆ 22ರ ವಾರವೇ ವೀಸಾ ಷರತ್ತಿನ ಉಲ್ಲಂಘನೆ. ಹಬ್ಬದ ನೂಕುನುಗ್ಗಲಿನ ದಿನ ಯಾವಳೋ ಹಂಗಾಮಿ ಜೂಲಿ ಬಂದು 'ಇನ್ನೆರಡು ಗಂಟೆ ನಿಲ್ಲುತ್ತೀಯಾ?' ಎಂದು ಕೇಳಿದಾಗ, ಆಗುವುದಿಲ್ಲ ಎನ್ನಬೇಕಾದವನು ಆ ಹುಡುಗನೇ.