ಬ್ಯಾಟರಿ ಗರಗಸಕ್ಕೆ ವೈರ್ ಇಲ್ಲ, ಹಾಗಾದರೆ ಶಾಕ್ ಹೊಡೆಯುವುದಿಲ್ಲವೇ?

ಏಣಿಯ ಮೇಲೆ ನಿಂತವರು ಒಂದೇ ಕೈಯಲ್ಲಿ ಬ್ಯಾಟರಿ ಗರಗಸ ಹಿಡಿದು, ತೋಳಿನಷ್ಟು ದಪ್ಪದ ಕೊಂಬೆಯನ್ನು ಕ್ಷಣದಲ್ಲಿ ಉರುಳಿಸುವಂಥ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ವೈರ್ ಇಲ್ಲ, ಆದ್ದರಿಂದ ಶಾಕ್ ಭಯವಿಲ್ಲ, ಮನೆಯವರೇ ಕತ್ತರಿಸಿಕೊಳ್ಳಬಹುದು ಎನ್ನುವುದು ಅದರ ಸಾರ. ಇದರಲ್ಲಿ ವೈರ್ ಇಲ್ಲ ಎಂಬುದಷ್ಟೇ ಪೂರ್ತಿ ನಿಜ.

ಹನುಮಂತನಗರದ ಸುತ್ತಮುತ್ತಲಿನವರಿಗೆ ಇಂಥ ವಿಡಿಯೊ ಹಿಡಿಸಿದರೆ ಆಶ್ಚರ್ಯವಿಲ್ಲ. 2025ರ ಜೂನ್‌ನಲ್ಲಿ ಪಕ್ಕದ ಶ್ರೀನಿವಾಸನಗರದ ಬ್ರಹ್ಮಚೈತನ್ಯ ಮಂದಿರದ ಬಳಿ ಬೈಕಿನಲ್ಲಿ ಹೋಗುತ್ತಿದ್ದ ಯುವಕರೊಬ್ಬರ ತಲೆ ಮೇಲೆ ಕೊಂಬೆ ಬಿತ್ತು. ಕೆಲವು ದಿನಗಳ ನಂತರ ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಮನೆ ಮುಂದೆ ಗುಲ್‌ಮೊಹರ್ ಇರುವವರು ಮೋಡ ಕವಿದಾಗ ಒಮ್ಮೆ ಮೇಲೆ ನೋಡುವುದರಲ್ಲಿ ತಪ್ಪೇನಿದೆ? ಆದರೆ ಬೀದಿ ಮರ ಪಾಲಿಕೆಯದು, ಅದರ ಕೊಂಬೆ ತೆಗೆಯಬೇಕಾದವರು ಪಾಲಿಕೆಯ ಅರಣ್ಯ ವಿಭಾಗದವರು. ಸ್ವಂತ ಕಾಂಪೌಂಡಿನೊಳಗಿನ ಮರ ಕಡಿಯುವುದಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು, ಕೆಲವು ಜಾತಿಯ ಮರಗಳಿಗೆ ಮಾತ್ರ ವಿನಾಯಿತಿ. ಹಾಗಾಗಿ ಈ ಗರಗಸಕ್ಕೆ ಮನೆಯಲ್ಲಿ ಉಳಿಯುವ ಕೆಲಸ ಸಣ್ಣದು: ಅಂಗಳದ ಸೀಬೆ ಗಿಡದ ಟೊಂಗೆ, ಗಾಳಿಗೆ ಮುರಿದು ಬಿದ್ದ ಕೊಂಬೆ, ಹಳೇ ಕಿಟಕಿ ಚೌಕಟ್ಟು, ಪೈಪು. ಅಪಾಯ ಇರುವುದೂ ಇಲ್ಲೇ.

ಅಂಗಡಿಯಲ್ಲಿ ಇದರ ಹೆಸರು ರೆಸಿಪ್ರೊಕೇಟಿಂಗ್ ಸಾ. ಹೊಲಿಗೆ ಯಂತ್ರದ ಸೂಜಿ ಮೇಲೆ ಕೆಳಗೆ ಆಡುವ ಹಾಗೆ ಇದರ ಬ್ಲೇಡ್ ಹಿಂದೆ ಮುಂದೆ ಆಡುತ್ತದೆ. ದೊಡ್ಡ ಮಾದರಿಗಳಲ್ಲಿ ಒಂದು ಸಲಕ್ಕೆ 25ರಿಂದ 30 ಮಿಲಿಮೀಟರ್ ಚಲನೆ, ನಿಮಿಷಕ್ಕೆ ಸುಮಾರು 3,000 ಸಲದವರೆಗೆ. ಅಮೆರಿಕದ ಮಿಲ್ವಾಕಿ ಕಂಪನಿ 1951ರಲ್ಲಿ 'ಸಾಜಾಲ್' ಎಂಬ ಹೆಸರಿನಲ್ಲಿ ಇಂಥದ್ದನ್ನು ಮಾರುಕಟ್ಟೆಗೆ ತಂದಾಗ ಅದಕ್ಕೆ ವೈರ್ ಇತ್ತು, ಬ್ಯಾಟರಿ ಬಂದದ್ದು ಆಮೇಲೆ. (ಡಬ್ಬಿಯ ಮೇಲೆ 18 ವೋಲ್ಟ್ ಎಂದಿರಲಿ, 20 ವೋಲ್ಟ್ ಎಂದಿರಲಿ, ಒಳಗೆ ಸಾಮಾನ್ಯವಾಗಿ ಸಾಲಾಗಿ ಜೋಡಿಸಿರುವುದು ಅದೇ ಐದು ಲಿಥಿಯಂ ಸೆಲ್. ಪೂರ್ತಿ ಚಾರ್ಜ್ ಆದಾಗಿನ ಲೆಕ್ಕ ಒಂದು, ಸರಾಸರಿ ಲೆಕ್ಕ ಇನ್ನೊಂದು. ಎರಡು ವೋಲ್ಟ್‌ಗೆಂದು ಹೆಚ್ಚು ದುಡ್ಡು ಕೊಡಬೇಡಿ.)

ಈಗ ಶಾಕ್ ವಿಷಯ. ಆ ಬ್ಯಾಟರಿಯಿಂದ ನಿಮಗೆ ಶಾಕ್ ಹೊಡೆಯುವುದಿಲ್ಲ, ಒಪ್ಪೋಣ. ಆದರೆ ಬ್ಲೇಡ್ ಲೋಹದ್ದು, ಅದನ್ನು ಹಿಡಿದಿರುವ ಮುಂಭಾಗವೂ ಹಲವು ಯಂತ್ರಗಳಲ್ಲಿ ಲೋಹದ್ದೇ. ಕಿಟಕಿ ಚೌಕಟ್ಟು ಕೀಳುವಾಗ ಬ್ಲೇಡು ಗೋಡೆಯೊಳಗಿನ 230 ವೋಲ್ಟ್ ವೈರನ್ನು ಕಡಿದರೆ ಆ ಮುಂಭಾಗಕ್ಕೂ ಕರೆಂಟ್ ಬರಬಹುದು. ಬ್ಯಾಟರಿ ಗರಗಸದ ಕೈಪಿಡಿಗಳಲ್ಲೂ ಈ ಎಚ್ಚರಿಕೆ ಇರುತ್ತದೆ: ಕಾಣದ ವೈರ್ ಇರಬಹುದಾದ ಕಡೆ ಪ್ಲಾಸ್ಟಿಕ್ ಅಥವಾ ರಬ್ಬರ್ ಹೊದಿಸಿದ ಹಿಡಿಯನ್ನೇ ಹಿಡಿಯಿರಿ, ಲೋಹ ಮುಟ್ಟಬೇಡಿ ಎಂದು.

ಮೇನ್ ಸ್ವಿಚ್ ಆಫ್ ಮಾಡಿದರೆ ಸಾಲದೇ? ಬೆಂಗಳೂರಿನ ಮನೆಗಳಲ್ಲಿ ಸಾಲದು, ಏಕೆಂದರೆ ಮನೆಮನೆಯಲ್ಲೂ ಯುಪಿಎಸ್ ಇದೆ. ಮೇನ್ ಆಫ್ ಮಾಡಿದ ಕೂಡಲೇ ಕರೆಂಟ್ ಹೋಯಿತೆಂದು ತಿಳಿದು ಅದು ತನ್ನ ಬ್ಯಾಟರಿಯಿಂದ ಲೈಟು, ಫ್ಯಾನಿನ ಲೈನುಗಳಿಗೆ ಮತ್ತೆ 230 ವೋಲ್ಟ್ ಕೊಡತೊಡಗುತ್ತದೆ. ಮೇನ್ ಬೋರ್ಡಿನ ಆರ್‌ಸಿಸಿಬಿ ಈ ಲೈನನ್ನೂ ಕಾಯುತ್ತದೆ ಎಂದು ನಂಬುವಂತಿಲ್ಲ. ಮೇನ್ ಜತೆಗೆ ಯುಪಿಎಸ್ಸನ್ನೂ ಆಫ್ ಮಾಡಿ, ಕತ್ತರಿಸುವ ಜಾಗದ ಹತ್ತಿರದ ಲೈಟು, ಪ್ಲಗ್ ಎಲ್ಲ ಸತ್ತಿವೆಯೇ ಎಂದು ನೋಡಿ, ಆಮೇಲೆ ಗರಗಸ ಮುಟ್ಟಿ. ಈ ಒಂದು ವಿಷಯ ಫಾರ್ವರ್ಡ್ ಆದರೆ ನಮಗೆ ಸಂತೋಷ.

ಹೊರಗಿನ ತಂತಿಯ ಕಥೆಯೇ ಬೇರೆ. ಬೀದಿಯಲ್ಲಿ ಹಾದುಹೋಗುವ ತಂತಿಯಲ್ಲಿ 11,000 ವೋಲ್ಟ್ ಇರಬಹುದು. ಹಿಡಿಯ ಮೇಲಿನ ರಬ್ಬರ್ ಅದರ ಮುಂದೆ ಏನೂ ಅಲ್ಲ, ಮಳೆಯಲ್ಲಿ ನೆಂದ ಹಸಿ ಕೊಂಬೆಯಲ್ಲೂ ಕರೆಂಟ್ ಹರಿಯುತ್ತದೆ. 2023ರ ನವೆಂಬರ್‌ನಲ್ಲಿ ಕಾಡುಗೋಡಿಯ ಹೋಪ್ ಫಾರ್ಮ್ ಬಳಿ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತಗುಲಿ ತಾಯಿ ಮತ್ತು ಕೈಕೂಸು ಸತ್ತರು. ಬಿದ್ದ ತಂತಿ ಸತ್ತ ತಂತಿ ಎಂದುಕೊಳ್ಳುವ ಹಾಗಿಲ್ಲ, ಬಿದ್ದ ಕೊಂಬೆಯ ಎಲೆಗಳ ಮರೆಯಲ್ಲಿ ತಂತಿ ಇದ್ದರೆ ಅದು ಕಾಣುವುದೂ ಇಲ್ಲ.

ಇನ್ನು ಆ ಒಂದು ಕೈ. ಬ್ಯಾಟರಿ ಸೇರಿ ಮೂರು ನಾಲ್ಕು ಕಿಲೋ ತೂಗುವ ಯಂತ್ರ ಇದು, ಎರಡು ಕೈಯಲ್ಲಿ ಹಿಡಿಯಲೆಂದೇ ಮಾಡಿದ್ದು. ಬ್ಲೇಡಿನ ಬುಡದಲ್ಲಿ ಪಾದದಂಥ ಒಂದು ತಗಡು ಇರುತ್ತದೆ. ಅದನ್ನು ಮರಕ್ಕೆ ಒತ್ತಿ ಹಿಡಿದರೆ ಬ್ಲೇಡ್ ಕೊಯ್ಯುತ್ತದೆ. ಒತ್ತದಿದ್ದರೆ ಕೊಯ್ಯುವ ಬದಲು ಯಂತ್ರವೇ ಕುಣಿಯುತ್ತದೆ. ಬ್ಲೇಡಿನ ತುದಿ ಹಿಂದಿನ ಗೋಡೆಗೋ ಕಾಂಡಕ್ಕೋ ಬಡಿದರೂ ಹಾಗೆಯೇ, ಜೋರಾಗಿ ಹಿಂದಕ್ಕೆ ತಳ್ಳುತ್ತದೆ. ಎರಡೂ ಕೈ ಗರಗಸದ ಮೇಲಿದ್ದರೆ ಏಣಿ ಹಿಡಿಯುವವರು ಯಾರು? ನೆಲದ ಮೇಲೆ ನಿಂತು ಎಟುಕದ್ದು ನಿಮ್ಮ ಕೆಲಸವಲ್ಲ ಎಂದು ನಾವು ಹೇಳುವುದು ಇದಕ್ಕೇ.

ಕೊಂಬೆಯ ತೂಕವನ್ನೂ ನಾವು ಕಡಿಮೆ ಅಂದಾಜು ಮಾಡುತ್ತೇವೆ. 10 ಸೆಂಟಿಮೀಟರ್ ದಪ್ಪ, 3 ಮೀಟರ್ ಉದ್ದದ ಹಸಿ ಕೊಂಬೆ ಎಲೆ ಬಿಟ್ಟೇ ಸುಮಾರು 20 ಕಿಲೋ ಆಗುತ್ತದೆ. ಅಡ್ಡಕ್ಕೆ ಚಾಚಿದ ಕೊಂಬೆಯ ಮೇಲ್ಭಾಗ ಎಳೆದುಕೊಂಡಿರುತ್ತದೆ, ಕೆಳಭಾಗ ಅದುಮಿಕೊಂಡಿರುತ್ತದೆ. ಮೇಲಿನಿಂದಷ್ಟೇ ಕೊಯ್ದರೆ ಅರ್ಧದಲ್ಲಿ ಕೊಂಬೆ ಕಳಚಿ, ಕಾಂಡದ ತೊಗಟೆಯನ್ನೂ ಸಿಗಿದುಕೊಂಡು, ನಿಮ್ಮ ಕಡೆಗೇ ಜೋತು ಬೀಳಬಹುದು. ಅದಕ್ಕೇ ಬಲ್ಲವರು ಮೊದಲು ಕಾಂಡದಿಂದ ಒಂದು ಅಡಿ ಆಚೆ ಕೆಳಗಿನಿಂದ ಮೂರನೇ ಒಂದು ಭಾಗ ಕೊಯ್ಯುತ್ತಾರೆ, ನಂತರ ಸ್ವಲ್ಪ ಹೊರಗೆ ಸರಿದು ಮೇಲಿನಿಂದ ಕೊಯ್ದು ಭಾರ ಇಳಿಸುತ್ತಾರೆ, ಉಳಿದ ಮೋಟನ್ನು ಕೊನೆಗೆ ತೆಗೆಯುತ್ತಾರೆ. ಬಿದ್ದ ಕೊಂಬೆ ಎರಡು ತುದಿಯಲ್ಲೂ ಆತುಕೊಂಡಿದ್ದರೆ ಲೆಕ್ಕ ತಲೆಕೆಳಗು: ಈಗ ಅದುಮಿಕೊಂಡಿರುವುದು ಮೇಲ್ಭಾಗ. ಮೇಲಿನಿಂದ ಪೂರ್ತಿ ಕೊಯ್ಯಲು ಹೋದರೆ ಬ್ಲೇಡ್ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡರೆ ಟ್ರಿಗರ್ ಬಿಡಿ, ಬ್ಯಾಟರಿ ತೆಗೆಯಿರಿ, ಆಮೇಲೆ ಬಿಡಿಸಿ.

ಬ್ಲೇಡ್ ಬದಲಾಯಿಸುವಾಗಲೂ ಮೊದಲು ಬ್ಯಾಟರಿ ಹೊರಗೆ. ಪ್ಲಗ್ ಕಿತ್ತಿದ್ದೇವೆ ಎಂಬ ಸಮಾಧಾನ ಇದರಲ್ಲಿ ಇಲ್ಲವಲ್ಲ, ಬೆರಳು ತಾಗಿದರೆ ಸಾಕು, ಯಂತ್ರ ಓಡುತ್ತದೆ. ಆಗಷ್ಟೇ ಕೊಯ್ದ ಬ್ಲೇಡ್ ಸುಡುವಷ್ಟು ಬಿಸಿ ಇರುತ್ತದೆ. ಹಸಿ ಮರಕ್ಕೆ ದೊಡ್ಡ ಹಲ್ಲಿನ ಬ್ಲೇಡ್, ಕಬ್ಬಿಣಕ್ಕೆ ಸಣ್ಣ ಹಲ್ಲಿನದು. ಕಣ್ಣಿಗೆ ಕನ್ನಡಕ, ಕಾಲಿಗೆ ಶೂ. ಹವಾಯಿ ಚಪ್ಪಲಿ ಬೇಡ, ಜೋಲಾಡುವ ಪಂಚೆ, ದುಪಟ್ಟಾ ಬೇಡ. ತೆಗೆದ ಬ್ಯಾಟರಿಯನ್ನು ಮೊಳೆ, ಸ್ಕ್ರೂ ಇರುವ ಚೀಲಕ್ಕೆ ಹಾಕಬೇಡಿ, ತುದಿಗಳು ಶಾರ್ಟ್ ಆದರೆ ಬೆಂಕಿ ಹೊತ್ತಿಕೊಳ್ಳಬಹುದು.

ಕೊಂಬೆ ತಂತಿಗೆ ತಾಗಿದ್ದರೆ ಮೊದಲ ಫೋನು ಬೆಸ್ಕಾಂನ 1912ಕ್ಕೆ, ಬೀದಿ ಮರ ಬಾಗಿದ್ದರೆ ಪಾಲಿಕೆಯ 1533ಕ್ಕೆ. ಕಂಬದ ಮೇಲೆ ನಂಬರ್ ಇದ್ದರೆ ದೂರದಿಂದಲೇ ಫೋಟೊ ತೆಗೆದು ಅದನ್ನೂ ಹೇಳಿ. ಲೈನ್‌ಮನ್ ಬಂದು ಲೈನ್ ಆಫ್ ಆಗಿದೆ ಎಂದು ಬಾಯಿಬಿಟ್ಟು ಹೇಳುವ ತನಕ ಮಕ್ಕಳನ್ನೂ, ಗರಗಸ ಹಿಡಿದು ಬರುವ ಪಕ್ಕದ ಮನೆಯವರನ್ನೂ ಆ ಕೊಂಬೆಯ ಹತ್ತಿರ ಬಿಡಬೇಡಿ.