ಗಾಜಿನ ಮೇಲೆ ಬಿಳಿ ಸುರುಳಿ

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರಿಗೆ ಕೆಲವು ತಿಂಗಳು ಕಳೆಯುತ್ತಲೇ ಒಂದು ಗಾಬರಿ ಕಾದಿರುತ್ತದೆ. ಗಾಜಿನ ಒಳಬದಿಯಲ್ಲಿ, ಪಂಪಿನ ಮೈಮೇಲೆ, ಕಲ್ಲಿನ ಸಂದುಗಳಲ್ಲಿ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆಗಳು! ಈ ವಾರ ಹತ್ತು ಇದ್ದವು ಮುಂದಿನ ವಾರ ಎಣಿಕೆಗೆ ಸಿಗುವುದಿಲ್ಲ. ‘ಮೀನಿಗೆ ರೋಗ ಬಂದಿದೆ, ಔಷಧ ಹಾಕೋಣ’ ಎಂದು ಮಗನ ಅವಸರ. ‘ಔಷಧವೂ ಬೇಡ, ಏನೂ ಬೇಡ, ಕಲ್ಲುಗಳನ್ನೆಲ್ಲ ತೆಗೆದು ಕುದಿಸಿಬಿಡೋಣ’ ಎಂದು ಅಪ್ಪನ ತೀರ್ಮಾನ. ಇಬ್ಬರೂ ಸ್ವಲ್ಪ ತಡೆಯಿರಿ. ಮೊದಲು ಒಂದು ಭೂತಗನ್ನಡಿ ಹುಡುಕಿ ತನ್ನಿ.

ಮೀನಿನ ಬಿಳಿಚುಕ್ಕೆ ರೋಗ ಕಾಣಿಸುವುದು ಮೀನಿನ ಮೈಮೇಲೆ, ಗಾಜಿನ ಮೇಲಲ್ಲ. ಗಾಜಿಗಂಟಿದ ಚುಕ್ಕೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದು ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಸುಣ್ಣದ ಕೊಳವೆ. ಸುರುಳಿಯ ಅಗಲ ಸಾಮಾನ್ಯವಾಗಿ ಒಂದರಿಂದ ಮೂರು ಮಿಲಿಮೀಟರ್. ಐದು ನಿಮಿಷ ಅಲುಗಾಡದೆ ಕುಳಿತರೆ ಕೊಳವೆಯ ಬಾಯಿಂದ ಪುಟ್ಟದೊಂದು ಗರಿಗಳ ಕಿರೀಟ ಮೆಲ್ಲಗೆ ಅರಳುತ್ತದೆ. ಬೆರಳಿನ ನೆರಳು ಬಿದ್ದರೆ ಸಾಕು, ಸರಕ್ಕನೆ ಮಾಯ! ಇದರ ಹೆಸರು ಸ್ಪೈರಾರ್ಬಿಡ್. ಚಿಪ್ಪು ನೋಡಿ ಬಸವನಹುಳು ಎಂದುಕೊಳ್ಳಬೇಡಿ. ಇದು ಎರೆಹುಳುವಿನ ದೂರದ ಸಂಬಂಧಿ, ಒಂದು ಕಡಲಹುಳು. ಕಿರೀಟದ ಒಂದು ಎಳೆಯೇ ಮಾರ್ಪಟ್ಟು ಮುಚ್ಚಳವಾಗಿದೆ. ಹುಳು ಒಳಸರಿದಾಗ ಅದರಿಂದಲೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಕೆಲವು ಜಾತಿಗಳ ಸುರುಳಿ ಎಡಕ್ಕೆ, ಕೆಲವದು ಬಲಕ್ಕೆ. ನಿಮ್ಮ ತೊಟ್ಟಿಯಲ್ಲಿರುವುದು ಯಾವುದೆಂದು ಎಣಿಸಿ ಬರೆದಿಡುವುದು ಮಕ್ಕಳಿಗೆ ಭಾನುವಾರದ ಒಳ್ಳೆಯ ಕೆಲಸ.

ಇದರ ಊಟ ಏನು? ಮೀನನ್ನಂತೂ ಅಲ್ಲ, ಹವಳವನ್ನೂ ಅಲ್ಲ. ಗರಿಗಳ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಅವು ಒಂದೇ ಸಮನೆ ಬಡಿಯುತ್ತ ನೀರನ್ನು ಗರಿಗಳ ನಡುವೆ ಎಳೆಯುತ್ತವೆ. ನೀರಿನಲ್ಲಿ ತೇಲುವ ಬ್ಯಾಕ್ಟೀರಿಯ, ಸೂಕ್ಷ್ಮ ಪಾಚಿ, ಆಹಾರದ ಹುಡಿ ಗರಿಯಲ್ಲಿ ಸಿಕ್ಕಿ ಬಾಯಿಯತ್ತ ಜಾರುತ್ತವೆ. ನಮ್ಮ ಅಡುಗೆಮನೆಯ ಜರಡಿಯ ಕೆಲಸವೇ. ಇದರ ದೊಡ್ಡಣ್ಣನಂತಿರುವ ಸೆಬೆಲ್ಲ ಹುಳು ಇನ್ನೂ ಜಾಣ. ಸಿಕ್ಕ ಕಣಗಳನ್ನು ಗಾತ್ರ ನೋಡಿ ಬೇರ್ಪಡಿಸಿ, ನುಣ್ಣನೆಯದನ್ನು ತಿನ್ನುತ್ತದೆ, ಮಧ್ಯಮದ್ದನ್ನು ಲೋಳೆಯೊಂದಿಗೆ ಕಲಸಿ ಮನೆ ಕಟ್ಟಲು ಬಳಸುತ್ತದೆ, ದಪ್ಪನೆಯದನ್ನು ಎಸೆದುಬಿಡುತ್ತದೆ. ಕಲ್ಲಿನಿಂದ ಚರ್ಮದಂಥ ಮೆತ್ತನೆಯ ಕೊಳವೆ ಹೊರಟು, ತುದಿಯಲ್ಲಿ ಬೀಸಣಿಗೆ ಅರಳಿದ್ದರೆ ಅದು ಇದೇ ಬಳಗ.

ಸರಿ, ಕೊಳ್ಳದ ಪ್ರಾಣಿ ಮನೆಗೆ ಬಂದದ್ದಾದರೂ ಹೇಗೆ? ಕಲ್ಲಿನ ಜೊತೆ, ಟಿಕೆಟ್ಟಿಲ್ಲದ ಪ್ರಯಾಣಿಕರಂತೆ. ಇಂಥ ತೊಟ್ಟಿಗಳಲ್ಲಿಡುವ ರಂಧ್ರಮಯ ಸುಣ್ಣದ ಕಲ್ಲಿನೊಳಗೆ ನೀರಿನ ಅಮೋನಿಯವನ್ನು ಕರಗಿಸುವ ಬ್ಯಾಕ್ಟೀರಿಯಗಳು ನೆಲೆಸಿರುತ್ತವೆ, ಹುಳುಗಳೂ ಅಲ್ಲೇ. (ಹಾಗೆಂದು ನೇತ್ರಾಣಿಗೋ ಲಕ್ಷದ್ವೀಪಕ್ಕೋ ಹೋದಾಗ ಒಂದು ತುಂಡು ಹವಳ ಚೀಲಕ್ಕೆ ಹಾಕಿಕೊಳ್ಳುವ ಯೋಚನೆ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಗಟ್ಟಿ ಹವಳಗಳು 2001ರಲ್ಲೇ ಸೇರಿವೆ.)

ಅಷ್ಟು ಬೇಗ ನೂರಾಗುವುದಕ್ಕೂ ಕಾರಣವಿದೆ. ಹೆಚ್ಚಿನ ಕಡಲಹುಳುಗಳ ಮರಿಗಳು ದಿನಗಟ್ಟಲೆ, ವಾರಗಟ್ಟಲೆ ನೀರಿನಲ್ಲಿ ಅಲೆಯಬೇಕು. ತೊಟ್ಟಿಯಲ್ಲಿ ಅಷ್ಟರೊಳಗೆ ಅವು ಪಂಪಿಗೋ ಸೋಸುಕಕ್ಕೋ ಸಿಕ್ಕಿ ಮುಗಿಯುತ್ತವೆ. ಸ್ಪೈರಾರ್ಬಿಡ್ ತಾಯಿ ಮೊಟ್ಟೆಗಳನ್ನು ತನ್ನ ಕೊಳವೆಯಲ್ಲೋ ಮುಚ್ಚಳದಲ್ಲೋ ಇಟ್ಟು ಕಾಪಾಡುತ್ತದೆ. ಹೊರಬಿದ್ದ ಮರಿ ಕೆಲವೇ ಗಂಟೆ ಈಜಿ ಪಕ್ಕದಲ್ಲೇ ಅಂಟಿಕೊಳ್ಳುತ್ತದೆ. ಆದ್ದರಿಂದ ಉಳಿಯುವವೂ ಹೆಚ್ಚು. ಆದರೆ ಊಟವಿದ್ದಷ್ಟೇ ಸಂಸಾರ. ಸುರುಳಿಗಳು ತೀರಾ ಹೆಚ್ಚಿದರೆ, ಮೀನಿಗೆ ಹಾಕುವ ಆಹಾರ ಮಿಕ್ಕುತ್ತಿದೆಯೇ ಎಂದು ನೋಡಿಕೊಳ್ಳಿ.

ಕತ್ತಲೆ ಮೂಲೆಯಲ್ಲಿ ಇನ್ನೊಬ್ಬ ಅತಿಥಿ ಸಿಗಬಹುದು. ಪುಟ್ಟ ಹೂದಾನಿಯ ಆಕಾರ, ಬಿಳಿ ಬಣ್ಣ, ಬಾಯಿಯ ಸುತ್ತ ಮುಳ್ಳಿನ ಕುಚ್ಚು. ಇದು ಸೈಕಾನ್ ಎಂಬ ಸ್ಪಂಜು ಪ್ರಾಣಿ. ಮೈಯ ಸಾವಿರ ರಂಧ್ರಗಳಿಂದ ನೀರನ್ನು ಒಳಗೆಳೆದು, ಸೋಸಿ, ಮೇಲಿನ ಒಂದೇ ಬಾಯಿಂದ ಹೊರಬಿಡುತ್ತದೆ. ಇದೂ ನಿರಪಾಯಕಾರಿ. ಜೆಲ್ಲಿಯ ಚೀಲದಂಥ ಜೀವಿಗೆ ಎರಡು ತೂತುಗಳಿದ್ದರೆ ಅದು ಕಡಲ ಚಿಮ್ಮುಕ. ಒಂದರಿಂದ ನೀರು ಒಳಗೆ, ಇನ್ನೊಂದರಿಂದ ಹೊರಗೆ. ಇದರ ಹೃದಯ ಸ್ವಲ್ಪ ಹೊತ್ತು ಒಂದು ದಿಕ್ಕಿಗೆ ರಕ್ತ ನೂಕಿ, ಮತ್ತೆ ಎದುರು ದಿಕ್ಕಿಗೆ ನೂಕುತ್ತದೆ! ಇದರ ಮರಿಗೆ ಗೊದಮೊಟ್ಟೆಯಂತೆ ಬಾಲವಿದ್ದು, ಬಾಲದಲ್ಲಿ ಬೆನ್ನೆಲುಬಿನ ಮೊದಲ ರೂಪದಂಥ ದಂಡವಿದೆ. ತೊಟ್ಟಿಯ ಹುಳು, ಸ್ಪಂಜು, ಹವಳಗಳ ನಡುವೆ ನಮಗೆ ಹತ್ತಿರದ ನೆಂಟ ಈ ಚೀಲವೇ.

ಆದರೆ ಎಲ್ಲರೂ ಸಾಧುಗಳಲ್ಲ. ಕಂದು ಬಣ್ಣದ, ಗಾಜಿನಂತೆ ಪಾರದರ್ಶಕವಾದ ಪುಟ್ಟ ತಾಳೆಮರದಂಥದ್ದು ಕಂಡರೆ ಅದು ಐಪ್ಟೇಸಿಯ ಎಂಬ ಕಡಲಹೂವು. ಇದರ ಎಳೆಗಳು ನುಣುಪು, ಗರಿಯಂತೆ ಕವಲೊಡೆದಿರುವುದಿಲ್ಲ. ಸರಕ್ಕನೆ ನುಗ್ಗಲು ಕೊಳವೆಯೂ ಇಲ್ಲ. ನೆರೆಯ ಹವಳವನ್ನು ಕುಟುಕುತ್ತದೆ. ಕೆರೆದು ಕಿತ್ತರೆ ಉಳಿದ ಚೂರುಗಳಿಂದ ಹೊಸವು ಹುಟ್ಟುತ್ತವೆ, ನಮ್ಮ ಪುರಾಣದ ರಕ್ತಬೀಜನಂತೆ. ಇನ್ನೊಂದು ವರ್ಮೆಟಿಡ್. ಇದು ನಿಜವಾಗಿಯೂ ಬಸವನಹುಳುವೇ, ಆದರೆ ಕಲ್ಲಿಗಂಟಿಕೊಂಡು ಕೊಳವೆಯಲ್ಲಿ ಬಾಳುತ್ತದೆ. ಗರಿಗಳ ಕಿರೀಟವಿಲ್ಲ, ಜೇಡನ ಎಳೆಯಂಥ ಲೋಳೆ ಬಲೆ ಬೀಸಿ ಆಹಾರ ಹಿಡಿದು ಎಳೆದುಕೊಳ್ಳುತ್ತದೆ. ಆ ಬಲೆ ಹವಳದ ಮೇಲೆ ಹರಡಿದರೆ ಹವಳದ ಬೆಳವಣಿಗೆ ಕುಂಠಿತವಾಗುತ್ತದೆ.

ಈಗ ಅಪ್ಪನ ಮತ್ತು ಮಗನ ಸಲಹೆಗಳಿಗೆ ಬರೋಣ. ಬಿಳಿಚುಕ್ಕೆ ರೋಗಕ್ಕೆ ಹಾಕುವ ತಾಮ್ರದ ಔಷಧ ಹುಳು, ಸಿಗಡಿ, ಹವಳಗಳಿಗೆ ವಿಷ. ಸುಣ್ಣದ ಕಲ್ಲು ತಾಮ್ರವನ್ನು ಹೀರಿಟ್ಟುಕೊಂಡು ಮುಂದೆಯೂ ಬಿಡುತ್ತಿರುತ್ತದೆ. ಕುದಿಸುವುದಂತೂ ಇನ್ನೂ ಅಪಾಯ, ಅದೂ ಮೀನಿಗಲ್ಲ, ಮನೆಯವರಿಗೆ. ಇಂಥ ಕಲ್ಲುಗಳ ಮೇಲೆ ಪಾಲಿಥೋವ ಎಂಬ ಗುಂಡಿಯಾಕಾರದ ಜೀವಿಗಳಿರಬಹುದು. ಅವುಗಳಲ್ಲಿ ಕೆಲವದರ ಮೈಯಲ್ಲಿರುವ ಪಾಲಿಟಾಕ್ಸಿನ್ ಅನ್ನು ಹವಾಯಿಯಲ್ಲಿ ಬೇರ್ಪಡಿಸಿದ ವಿವರ ಪ್ರಕಟವಾದದ್ದು 1971ರಲ್ಲಿ. ಜೀವಜಗತ್ತಿನ ಅತಿ ಉಗ್ರ ವಿಷಗಳಲ್ಲಿ ಅದೂ ಒಂದು. ಕುದಿನೀರಿನ ಹಬೆಯೊಂದಿಗೆ ಅದು ಶ್ವಾಸಕೋಶ ಸೇರುತ್ತದೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಒಂದು ಮನೆಯಲ್ಲಿ ಅಕ್ವೇರಿಯಂ ಹವಳವನ್ನು ತಿಕ್ಕಿ ತೊಳೆದದ್ದೇ ನೆಪ, ಮನೆಯವರೆಲ್ಲ ಫ್ಲೂ ಬಂದವರಂತೆ ನರಳಿ ಆಸ್ಪತ್ರೆ ಸೇರಬೇಕಾಯಿತು. ಅಲ್ಲಿಗೆ ಧಾವಿಸಿದ ಅಗ್ನಿಶಾಮಕ ಸಿಬ್ಬಂದಿಯಲ್ಲೂ ಕೆಲವರಿಗೆ ಚಿಕಿತ್ಸೆ ಬೇಕಾಯಿತು. ಆದ್ದರಿಂದ ಕಲ್ಲನ್ನು ಕುದಿಸಬೇಡಿ, ಬಿಸಿನೀರು ಸುರಿಯಬೇಡಿ, ಮುಟ್ಟುವಾಗ ಕೈಗವಸು ಹಾಕಿ, ಒರಟಾಗಿ ತಿಕ್ಕಬೇಡಿ.

ಗಾಜಿನ ಮೇಲಿನ ಸುರುಳಿಗಳು ನೋಟಕ್ಕೆ ಅಡ್ಡವಾದರೆ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದರಾಯಿತು. ಪಂಪಿನೊಳಗೆ ತುಂಬಿ ಅದು ತಿಣುಕುತ್ತಿದ್ದರೆ ವಿದ್ಯುತ್ ಪ್ಲಗ್ ಕಿತ್ತು, ಬಿಡಿಭಾಗಗಳನ್ನು ನೀರು ಬೆರೆಸಿದ ವಿನಿಗರ್‌ನಲ್ಲಿ ನೆನೆಹಾಕಿ. ಸುರುಳಿಗಳಿಂದ ಗುಳ್ಳೆಗಳೇಳುತ್ತವೆ: ಸುಣ್ಣದ ಕೊಳವೆ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಆಮ್ಲದಲ್ಲಿ ಕರಗಿ ಇಂಗಾಲದ ಡೈಆಕ್ಸೈಡ್ ಬಿಡುತ್ತಿದೆ. ಆಮೇಲೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಪಂಪನ್ನು ಜೋಡಿಸಿ.