ಬಿಲ್ಲಿಂಗೋ, ಸೇಲ್ಸೋ? ಸೇರೋ ಮೊದಲು ಲೆಕ್ಕ ಹಾಕಿ

ಹೊಸೂರು, ಕಾಸರಗೋಡು ಕಡೆ ಪ್ಲಸ್ ಟೂ ಮುಗಿಸಿದವರಿಗೆ ಬೇಗ ಸಿಗೋ ಕೆಲಸ ಎರಡು: ಸೂಪರ್ ಮಾರ್ಕೆಟ್ ಬಿಲ್ಲಿಂಗ್, ಇಲ್ಲಾಂದ್ರೆ ಜವಳಿ ಅಂಗಡಿ ಸೇಲ್ಸ್. ಬಿಲ್ಲಿಂಗೇ ವಾಸಿ, ಕೂತು ಮಾಡೋ ಕೆಲಸ ಅಂತಾರೆ. ನಾನು ಒಪ್ಪಲ್ಲ.

ಸ್ಕ್ಯಾನರ್, ಯುಪಿಐ ಬಂದ ಮೇಲೆ ಬಿಲ್ಲಿಂಗ್ ಕಲಿಯೋಕೆ ನಾಲ್ಕು ದಿನ ಸಾಕು. ಅಂದ್ರೆ ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನ ತರೋದೂ ಸುಲಭ. ಸೇಲ್ಸ್‌ನಲ್ಲಿ ಮೂಲ ಸಂಬಳ ಕಮ್ಮಿ ಇದ್ರೂ ಇನ್ಸೆಂಟಿವ್ ಸಿಗಬಹುದು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಗಿರಾಕಿ ಜೊತೆ ಮಾತಾಡೋ ಹೊಸೂರಿನ ಹುಡುಗಿಗೆ ಬೆಲೆ ಇರೋದು ಅಲ್ಲೇ. ಮುಂದೆ ಸೂಪರ್‌ವೈಸರ್ ಆಗೋಕೂ ಆ ಮಾತೇ ಬಂಡವಾಳ. ಕೂರೋ ಚಿಂತೆನಾ? ಅಂಗಡಿ ಕೆಲಸದವರಿಗೆ ಆಸನ ಕೊಡಲೇಬೇಕು ಅಂತ ಕೇರಳದಲ್ಲಿ 2018ರಿಂದ, ತಮಿಳುನಾಡಿನಲ್ಲಿ 2021ರಿಂದ ಕಾನೂನೇ ಇದೆ.

ಹಾಗಂತ ಇನ್ಸೆಂಟಿವ್ ಮಾತಿಗೆ ಮರುಳಾಗಬೇಡಿ. 20 ಅಥವಾ ಅದಕ್ಕಿಂತ ಹೆಚ್ಚು ಜನ ಇರೋ ಅಂಗಡಿಯಲ್ಲಿ ಬೇಸಿಕ್, ಡಿಎ ಸೇರಿ 15,000 ಇದ್ರೆ, ನಿಮ್ಮ 1,800ರ ಜೊತೆ ಮಾಲೀಕರೂ 1,800 ಪಿಎಫ್‌ ಲೆಕ್ಕಕ್ಕೆ ಹಾಕಬೇಕು. ಒಟ್ಟು ಸಂಬಳ 21,000ದ ಒಳಗಿದ್ರೆ ಇಎಸ್‌ಐ ಕೂಡ; ನಿಮ್ಮಿಂದ ಶೇ. 0.75, ಅವರಿಂದ ಶೇ. 3.25.

ಬ್ಯಾಂಕಿನವನಾಗಿ ಒಂದು ಮಾತು: ಸಂಬಳ ಬರೀ ಕೈಗೆ ಕೊಟ್ರೆ, ನಾಳೆ ಸಾಲ ಕೇಳೋಕೆ ಬಂದಾಗ ತೋರಿಸೋಕೆ ನಿಮ್ಮ ಹತ್ರ ಏನೂ ಇರಲ್ಲ. ಸೇರೋ ಮೊದಲೇ ಮೂರು ಪ್ರಶ್ನೆ ಕೇಳಿ: ಸಂಬಳ ಅಕೌಂಟ್‌ಗೆ ಬರುತ್ತಾ? ಪೇ ಸ್ಲಿಪ್ ಕೊಡ್ತೀರಾ? ಪಿಎಫ್ ಇದೆಯಾ? ಮೂರಕ್ಕೂ ಹೌದು ಅಂದ್ರೆ ಸೇಲ್ಸೇ ಹಿಡೀರಿ.